ಥಾಯ್ಲೆಂಡ್‌ನಲ್ಲಿ ನಿವೃತ್ತ ಜೀವನ: ಅನುಮತಿ ವರ್ಷಕ್ಕೊಮ್ಮೆ, ಮನೆಯೂ ಹಾಗೆಯೇ ಇರಲಿ

ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯ ದಾರಿಯಲ್ಲಿರುವ ಥಾಯ್ಲೆಂಡ್, 50 ವರ್ಷ ತುಂಬಿದ ವಿದೇಶಿಯರಿಗೆ ನಿವೃತ್ತಿಯ ಆಧಾರದ ಮೇಲೆ ತನ್ನ ನೆಲದಲ್ಲಿ ಉಳಿಯಲು ಅವಕಾಶ ಕೊಡುತ್ತದೆ. ಏಜೆಂಟರು ಇದನ್ನು ‘ರಿಟೈರ್‌ಮೆಂಟ್ ವೀಸಾ’ ಎಂದು ಕರೆಯುವುದರಿಂದ, ಒಮ್ಮೆ ಸಿಕ್ಕರೆ ಕೊನೆಯವರೆಗೂ ಇರಬಹುದೆಂಬ ಭಾವನೆ ಹಲವರಲ್ಲಿದೆ. ವಾಸ್ತವದಲ್ಲಿ ಇದು ಒಂದು ವರ್ಷದ ಅನುಮತಿ ಮಾತ್ರ. ಇಪ್ಪತ್ತು ವರ್ಷ ಅಲ್ಲಿ ಕಳೆದವರೂ ಇಪ್ಪತ್ತೊಂದನೆಯ ವರ್ಷ ಅದೇ ವಲಸೆ ಕಚೇರಿಗೆ ಅದೇ ಕಾಗದಪತ್ರಗಳನ್ನು ಹಿಡಿದು ಹೋಗಬೇಕು. ಕಾಯಂ ನಿವಾಸದ ಹಕ್ಕು ಬೇರೆಯೇ ಇದ್ದು, ಅದನ್ನು ವರ್ಷಕ್ಕೆ ಒಂದು ದೇಶದ 100 ಮಂದಿಗೆ ಮಾತ್ರ ಕೊಡಲಾಗುತ್ತದೆ. ನಿವೃತ್ತರಾಗಿ ಉಳಿದುಕೊಂಡವರಿಗೆ ಆ ದಾರಿ ತೆರೆದಿಲ್ಲ. ಮನೆ, ಹಣ, ವಿಮೆ ಇವುಗಳ ಬಗ್ಗೆ ಮಾಡುವ ಪ್ರತಿಯೊಂದು ನಿರ್ಧಾರವೂ ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಆಗಬೇಕು.

ಒಳಹೋಗಲು ಮುಖ್ಯವಾಗಿ ಎರಡು ಬಾಗಿಲುಗಳಿವೆ. ಮೊದಲನೆಯದು ‘ಓ-ಎ’ ವೀಸಾ. ಇದಕ್ಕೆ ಭಾರತದಿಂದಲೇ ಅರ್ಜಿ ಹಾಕಬೇಕು. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ, ಕನಿಷ್ಠ 30 ಲಕ್ಷ ಬಹ್ತ್ (ಥಾಯ್ಲೆಂಡ್‌ನ ನಾಣ್ಯ) ಮೊತ್ತದ ಆರೋಗ್ಯ ವಿಮೆ, ಮತ್ತು 8 ಲಕ್ಷ ಬಹ್ತ್‌ಗೆ ಸಮನಾದ ಹಣ ಬ್ಯಾಂಕಿನಲ್ಲಿರುವುದಕ್ಕೆ ಪುರಾವೆ ಒದಗಿಸಬೇಕು. ಈ ಹಣ ನಮ್ಮ ದೇಶದ ಬ್ಯಾಂಕಿನಲ್ಲಿದ್ದರೂ ನಡೆಯುತ್ತದೆ. ಎರಡನೆಯದು ‘ಓ’ ವೀಸಾ. ಇದರಲ್ಲಿ ಮೊದಲು 90 ದಿನ ಸಿಗುತ್ತದೆ, ನಂತರ ಥಾಯ್ಲೆಂಡ್‌ನಲ್ಲಿಯೇ ಒಂದು ವರ್ಷದ ವಿಸ್ತರಣೆ ಪಡೆಯಬೇಕು. ವಿಮೆಯ ಕಡ್ಡಾಯ ಇಲ್ಲ, ಆದರೆ 8 ಲಕ್ಷ ಬಹ್ತ್ ಅಲ್ಲಿಯ ಬ್ಯಾಂಕಿನಲ್ಲಿಯೇ ಇರಬೇಕು. ಎಪ್ಪತ್ತು ದಾಟಿದವರಿಗೆ ಹೊಸ ವಿಮೆ ಸಿಗುವುದು ಕಷ್ಟ, ಸಿಕ್ಕರೂ ಕಂತು ದುಬಾರಿ. ಆದ್ದರಿಂದ ವಯಸ್ಸಾದವರು ಎರಡನೆಯ ಬಾಗಿಲನ್ನೇ ನೋಡುತ್ತಾರೆ. ಕಡ್ಡಾಯ ಇಲ್ಲವೆಂದ ಮಾತ್ರಕ್ಕೆ ವಿಮೆಯಿಲ್ಲದೆ ಹೋಗುವುದು ಜಾಣತನವಲ್ಲ. ಅಲ್ಲಿಯ ಖಾಸಗಿ ಆಸ್ಪತ್ರೆಗಳು ಒಳ್ಳೆಯವು, ಬಿಲ್ಲೂ ಅದಕ್ಕೆ ತಕ್ಕಂತೆಯೇ ಇರುತ್ತದೆ.

ಆ 8 ಲಕ್ಷ ಬಹ್ತ್, ಅಂದರೆ ನಮ್ಮ ಲೆಕ್ಕದಲ್ಲಿ ಇಪ್ಪತ್ತು ಲಕ್ಷ ರೂಪಾಯಿಗೂ ಮೇಲ್ಪಟ್ಟ ಹಣ, ಖರ್ಚಿಗೆಂದು ಇಟ್ಟದ್ದಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ವಾರ್ಷಿಕ ವಿಸ್ತರಣೆಗೆ ಅರ್ಜಿ ಹಾಕುವ ಎರಡು ತಿಂಗಳ ಮುಂಚಿನಿಂದ ಅದು ಖಾತೆಯಲ್ಲಿರಬೇಕು, ಅನುಮತಿ ಸಿಕ್ಕ ನಂತರದ ಮೂರು ತಿಂಗಳು ಹಾಗೆಯೇ ಉಳಿಯಬೇಕು, ವರ್ಷದ ಉಳಿದ ಭಾಗದಲ್ಲಿಯೂ 4 ಲಕ್ಷಕ್ಕಿಂತ ಕೆಳಗಿಳಿಯಬಾರದು. ಇದರ ಬದಲಿಗೆ ತಿಂಗಳಿಗೆ 65,000 ಬಹ್ತ್ ಆದಾಯ ತೋರಿಸುವ ದಾರಿಯೂ ಇದೆ. ನಮ್ಮ ಕಡೆಯ ಪಿಂಚಣಿದಾರರಲ್ಲಿ ಅಷ್ಟು ಬರುವವರು ಕಡಿಮೆ.

ದಂಪತಿಗಳು ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಒಬ್ಬರ ಠೇವಣಿಯ ಮೇಲೆ ಇನ್ನೊಬ್ಬರು ಅವಲಂಬಿತರಾಗಿ ಉಳಿಯಬಹುದು, ಆದರೆ ಅದಕ್ಕೆ ದೃಢೀಕರಿಸಿದ ವಿವಾಹ ನೋಂದಣಿ ಪತ್ರ ಬೇಕು. 1970-80ರ ದಶಕದಲ್ಲಿ ಛತ್ರದಲ್ಲಿ ಮದುವೆಯಾದ ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಬಳಿ ಲಗ್ನಪತ್ರಿಕೆ ಮತ್ತು ಕಪ್ಪುಬಿಳುಪು ಫೋಟೊ ಬಿಟ್ಟರೆ ಬೇರೆ ದಾಖಲೆಯಿಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಈಗಲೂ ನೋಂದಣಿ ಮಾಡಿಸಬಹುದಾದ್ದರಿಂದ ಟಿಕೆಟ್ ತೆಗೆಯುವ ಮೊದಲು ಆ ಕೆಲಸ ಮುಗಿಸಿಕೊಳ್ಳಿ. ಅವಲಂಬಿತರ ಅನುಮತಿ ಮುಖ್ಯ ಅರ್ಜಿದಾರರಿಗೆ ಅಂಟಿಕೊಂಡಿರುತ್ತದೆ; ಅವರು ತೀರಿಕೊಂಡರೆ ಉಳಿದವರು ಹೊಸದಾಗಿ ತಮ್ಮ ಅರ್ಹತೆ ತೋರಿಸಬೇಕಾಗುತ್ತದೆ. ಕೈಯಲ್ಲಿ ಹಣವಿದ್ದರೆ ಇಬ್ಬರೂ ಬೇರೆ ಬೇರೆ ಠೇವಣಿ ಇಟ್ಟು ಬೇರೆ ಬೇರೆ ಅನುಮತಿ ಪಡೆಯುವುದೇ ನನ್ನ ಸಲಹೆ.

ಅನುಮತಿ ಸಿಕ್ಕ ಮೇಲೂ ಕೆಲವು ವ್ರತಗಳಿವೆ. ನಿರಂತರವಾಗಿ ದೇಶದೊಳಗಿದ್ದರೆ 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ತಪ್ಪಿದರೆ 2,000 ಬಹ್ತ್ ದಂಡ. ಊರಿಗೆ ಬರುವ ಮುಂಚೆ ಮರುಪ್ರವೇಶದ ಪರವಾನಗಿ ಪಡೆಯಬೇಕು, ಒಂದು ಬಾರಿಗೆ 1,000 ಬಹ್ತ್, ಹಲವು ಬಾರಿಗೆ 3,800. ಮೊಮ್ಮಗನ ನಾಮಕರಣಕ್ಕೆಂದು ಅವಸರದಲ್ಲಿ ಇದನ್ನು ಮರೆತು ಹೊರಟರೆ ಇಡೀ ವರ್ಷದ ವಿಸ್ತರಣೆ ರದ್ದಾಗುತ್ತದೆ. ಸಂಬಳದ ಕೆಲಸವಂತೂ ಸಲ್ಲದು; ಸಂಬಳವಿಲ್ಲದ ಸೇವೆಗೂ ಕೆಲಸದ ಪರವಾನಗಿ ಕೇಳುವ ದೇಶ ಅದು.

ಇನ್ನು ಮನೆಯ ವಿಚಾರ. ವಿದೇಶಿಯರು ಅಲ್ಲಿ ಭೂಮಿಯನ್ನು ಕೊಳ್ಳುವಂತಿಲ್ಲ. ಅಪಾರ್ಟ್‌ಮೆಂಟ್ ಮಾದರಿಯ ಕಾಂಡೊ ಕೊಳ್ಳಬಹುದು, ಆದರೆ ಒಂದು ಕಟ್ಟಡದ ಒಟ್ಟು ಮಾರಾಟಯೋಗ್ಯ ವಿಸ್ತೀರ್ಣದಲ್ಲಿ ವಿದೇಶಿಯರ ಪಾಲು ಶೇ 49ನ್ನು ಮೀರುವಂತಿಲ್ಲ. ಕೊಳ್ಳುವ ಹಣವೂ ಹೊರದೇಶದಿಂದ ವಿದೇಶಿ ಕರೆನ್ಸಿಯಾಗಿಯೇ ಬಂದಿರಬೇಕು, ಬಂದದ್ದಕ್ಕೆ ಬ್ಯಾಂಕಿನ ಪತ್ರ ಇರಬೇಕು. ತೋಟದ ಮನೆ ಬಯಸುವವರಿಗೆ 30 ವರ್ಷದ ಗುತ್ತಿಗೆ ಇದೆ. ‘ಮೂವತ್ತಾದ ಮೇಲೆ ಮತ್ತೆ ಮೂವತ್ತು’ ಎಂದು ಮಾರುವವರು ಹೇಳುವ ಮಾತನ್ನು ನಂಬಿ ಹಣ ಸುರಿಯಬೇಡಿ; ನೋಂದಣಿಯಾಗುವುದು ಮೊದಲ 30 ವರ್ಷ ಮಾತ್ರ. ಸ್ಥಳೀಯರ ಹೆಸರಿನಲ್ಲಿ ಕಂಪನಿ ಮಾಡಿ ಜಾಗ ಕೊಳ್ಳುವ ಉಪಾಯವಂತೂ ಕಾನೂನಿಗೆ ವಿರುದ್ಧ.

ಅನುಮತಿಯೇ ವರ್ಷದ್ದಾಗಿರುವಾಗ ಬಾಡಿಗೆಯೇ ಸರಿ ಎಂಬುದು ನನ್ನ ನಿಲುವು. ಉತ್ತರದ ನಗರ ಚಿಯಾಂಗ್ ಮಾಯ್‌ನಲ್ಲಿ ಒಂದು ಮಲಗುವ ಕೋಣೆಯ, ಪೀಠೋಪಕರಣ ಸಹಿತವಾದ ಸಾಧಾರಣ ಕಾಂಡೊ ತಿಂಗಳಿಗೆ ಸುಮಾರು 10,000ದಿಂದ 18,000 ಬಹ್ತ್‌ಗೆ ಸಿಗುತ್ತದೆ. ಬ್ಯಾಂಕಾಕ್‌ನಲ್ಲಿ ಮೆಟ್ರೊ ರೈಲಿನ ಹತ್ತಿರ ಬೇಕೆಂದರೆ ಅದು 15,000ದಿಂದ ಆರಂಭವಾಗಿ 30,000ದ ಆಚೆಗೂ ಹೋಗುತ್ತದೆ. ಬೆಂಗಳೂರಿನಂತೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಪದ್ಧತಿ ಅಲ್ಲಿಲ್ಲ. ಎರಡು ತಿಂಗಳ ಠೇವಣಿ ಮತ್ತು ಒಂದು ತಿಂಗಳ ಮುಂಗಡ ಬಾಡಿಗೆ ವಾಡಿಕೆ. ಕರಾರಿಗೆ ಸಹಿ ಹಾಕುವ ಮುನ್ನ ವಿದ್ಯುತ್ ಬಿಲ್ಲು ಸರ್ಕಾರದ ದರದಲ್ಲಿ ಬರುತ್ತದೆಯೋ, ಮಾಲೀಕರು ತಾವೇ ಯೂನಿಟ್‌ಗೆ ಏಳೆಂಟು ಬಹ್ತ್ ವಸೂಲಿ ಮಾಡುತ್ತಾರೋ ಎಂದು ಕೇಳಿ. ಸರ್ಕಾರದ ದರ ಸುಮಾರು ನಾಲ್ಕು ಬಹ್ತ್ ಇರುವಾಗ ಏಪ್ರಿಲ್‌ನ ಸೆಕೆಯಲ್ಲಿ ಎಸಿ ಹಾಕಿದವರಿಗೆ ಈ ವ್ಯತ್ಯಾಸ ಚೆನ್ನಾಗಿಯೇ ತಿಳಿಯುತ್ತದೆ. ವಿದೇಶಿಯರು ಬಂದು ಉಳಿದುಕೊಂಡಿದ್ದಾರೆಂದು ಮಾಲೀಕರು 24 ಗಂಟೆಯೊಳಗೆ ವಲಸೆ ಇಲಾಖೆಗೆ ‘ಟಿಎಂ 30’ ನಮೂನೆಯಲ್ಲಿ ತಿಳಿಸಬೇಕು. ಅದಕ್ಕೆ ಒಪ್ಪದ ಮಾಲೀಕರ ಮನೆ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಊರನ್ನು ಆರಿಸುವ ಮೊದಲು ಮೂರು ತಿಂಗಳು ಇದ್ದು ನೋಡಿ, ಅದರಲ್ಲಿ ಮಾರ್ಚ್ ಸೇರಿರಲಿ. ಡಿಸೆಂಬರ್‌ನ ಚಿಯಾಂಗ್ ಮಾಯ್ ನೋಡಿ ಮನಸೋತವರಿಗೆ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಡು ಮತ್ತು ಗದ್ದೆಗಳಿಗೆ ಹಚ್ಚುವ ಬೆಂಕಿಯಿಂದ ಇಡೀ ಕಣಿವೆ ಹೊಗೆ ತುಂಬಿಕೊಳ್ಳುವುದು ಗೊತ್ತಿರುವುದಿಲ್ಲ. ಉಸಿರಾಟದ ತೊಂದರೆ ಇರುವವರಿಗೆ ಕಡಲತೀರದ ಹುವಾ ಹಿನ್ ಮೇಲು. ಸಸ್ಯಾಹಾರಿಗಳು ‘ಜೇ’ ಎಂಬ ಪದವನ್ನು ಕಲಿತುಕೊಳ್ಳಬೇಕು, ಏಕೆಂದರೆ ಬರೀ ತರಕಾರಿ ಎಂದು ಬಡಿಸಿದ ಪಲ್ಯದಲ್ಲಿಯೂ ಮೀನಿನ ಸಾರ ಇರುತ್ತದೆ. ಜೇ ಅಡುಗೆಯಲ್ಲಿ ಅದಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ.

ಭಾರತದ ಕಡೆಯ ಲೆಕ್ಕವನ್ನೂ ಹೊರಡುವ ಮುನ್ನವೇ ಸರಿಮಾಡಿಕೊಳ್ಳಬೇಕು. ಇಲ್ಲಿಯ ನಿವಾಸಿಯಾಗಿರುವವರೆಗೆ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು. ಇಂಥ ಉದ್ದೇಶಕ್ಕೆ 10 ಲಕ್ಷ ರೂಪಾಯಿ ದಾಟಿದ ಭಾಗದ ಮೇಲೆ ಬ್ಯಾಂಕು ಶೇ 20 ತೆರಿಗೆಯನ್ನು ಮುಂಗಡವಾಗಿ ಹಿಡಿಯುತ್ತದೆ, ಅದನ್ನು ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಅಲ್ಲಿ ನೆಲೆ ನಿಂತ ಮೇಲೆ ನೀವು ಅನಿವಾಸಿ. ಆಗ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳ ರೂಪಾಯಿ ಖಾತೆಯಾಗಿ ಬದಲಿಸಬೇಕು. ಈಗಾಗಲೇ ಇರುವ ಜಮೀನು, ಅಡಿಕೆ ತೋಟ ನಿಮ್ಮದಾಗಿಯೇ ಉಳಿಯುತ್ತದೆ, ಆದರೆ ಹೊಸದಾಗಿ ಕೃಷಿಭೂಮಿ ಕೊಳ್ಳುವಂತಿಲ್ಲ. ಥಾಯ್ಲೆಂಡ್‌ನಲ್ಲಿ ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಕಳೆದವರು ಅಲ್ಲಿ ತೆರಿಗೆಯ ಮಟ್ಟಿಗೆ ನಿವಾಸಿಗಳು. 2024ರ ಜನವರಿ 1ರಿಂದ ಈಚೆಗೆ ಗಳಿಸಿದ ಹೊರದೇಶದ ಆದಾಯವನ್ನು ಒಳತಂದರೆ ತೆರಿಗೆಗೆ ಒಳಪಡುತ್ತದೆ. ಅದಕ್ಕಿಂತ ಹಿಂದಿನ ಉಳಿತಾಯವನ್ನು ಬೇರೆಯದೇ ಖಾತೆಯಲ್ಲಿಟ್ಟು ಅಲ್ಲಿಂದಲೇ ಹಣ ತರಿಸಿಕೊಂಡರೆ ಲೆಕ್ಕ ಸ್ಪಷ್ಟವಾಗಿರುತ್ತದೆ. ಎರಡೂ ದೇಶಗಳ ನಡುವೆ ದ್ವಿತೆರಿಗೆ ತಡೆ ಒಪ್ಪಂದವಿದೆ. ಪಿಂಚಣಿಯ ತೆರಿಗೆ ಯಾವ ದೇಶಕ್ಕೆ ಸೇರುತ್ತದೆಂದು ಲೆಕ್ಕಪರಿಶೋಧಕರಲ್ಲಿ ಬರಹದಲ್ಲಿಯೇ ಕೇಳಿ ಪಡೆಯಿರಿ. ನವೆಂಬರ್‌ನಲ್ಲಿ ಪಿಂಚಣಿಗೆ ಬೇಕಾದ ಜೀವಿತ ಪ್ರಮಾಣಪತ್ರಕ್ಕೆ ಬ್ಯಾಂಕಾಕ್‌ನ ಭಾರತೀಯ ರಾಯಭಾರ ಕಚೇರಿ ಇದೆ.

ಖಾತೆದಾರರು ಮರಣ ಹೊಂದಿದಾಗ ಥಾಯ್ ಬ್ಯಾಂಕು ನ್ಯಾಯಾಲಯದ ಆದೇಶವಿಲ್ಲದೆ ಹಣ ಬಿಡುವುದಿಲ್ಲ. ಆ 8 ಲಕ್ಷ ಮಕ್ಕಳಿಗೆ ತಲುಪಬೇಕೆಂದಿದ್ದರೆ ಅಲ್ಲಿಯ ಆಸ್ತಿಗೆ ಅಲ್ಲಿಯೇ, ಥಾಯ್ ಭಾಷೆಯಲ್ಲಿಯೂ ಇರುವ ಒಂದು ಉಯಿಲು ಮಾಡಿಸಿ, ಅದರ ಪ್ರತಿಯನ್ನು ಊರಿನಲ್ಲಿರುವವರ ಕೈಗೆ ಕೊಟ್ಟಿರಿ.