ಮೇಳಕ್ಕೆ ಅಯಾನು ಬೀಮ್ ಮಾದರಿ: ಮ್ಯಾಗ್ನೆಟ್ ಬೇಡ, ಫ್ಯಾನ್ ತನ್ನಿ

ಕಾರವಾರ, ಶಿರಸಿ ಕಡೆಯ ವಿಜ್ಞಾನ ಮೇಳಗಳಲ್ಲಿ 'ವಿಕಿರಣಶೀಲ ಅಯಾನು ಬೀಮ್' ಎಂದು ಬೋರ್ಡ್ ಹಾಕಿ, ಕೈಗಾ ಸ್ಥಾವರದ ಗುಮ್ಮಟ ಮಾಡಿಟ್ಟಿರುತ್ತಾರೆ. ಕೈಗಾದಲ್ಲಿ ತಯಾರಾಗುವುದು ಕರೆಂಟು. ಇಲ್ಲಿ ಬೇಕಾಗಿರುವುದು ಹುಟ್ಟಿದ ಸ್ವಲ್ಪ ಹೊತ್ತಿಗೇ ಒಡೆದುಹೋಗುವ ನ್ಯೂಕ್ಲಿಯಸ್‌ಗಳ (ಪರಮಾಣುವಿನ ತಿರುಳುಗಳ) ಬೀಮ್, ಅಂದರೆ ಒಂದೇ ದಿಕ್ಕಿಗೆ ಓಡುವ ಸಾಲು. ಜಿನೀವಾ ಹತ್ತಿರದ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲಿರುವ ಐಸೋಲ್ಡ್ ಎಂಬ ಯಂತ್ರವ್ಯವಸ್ಥೆ 1967ರಿಂದ ಇದೇ ಕೆಲಸ ಮಾಡುತ್ತಿದೆ. ಅದನ್ನೇ ನೋಡಿ ಮಾಡಿ.

ಮೊದಲು ಟಾರ್ಗೆಟ್, ಅಂದರೆ ಪ್ರೋಟಾನ್ ಬಡಿಯುವ ಗುರಿ. ಕೆಂಪು ಬಳಿದ ಡಬ್ಬಿ ಸಾಕು. ಪ್ರೋಟಾನ್ ಬಡಿದು ಯುರೇನಿಯಂ ಒಡೆಯುತ್ತದೆ, ಸುಮಾರು 2000 ಡಿಗ್ರಿ ಬಿಸಿಯಲ್ಲಿ ಹೊಸ ಪರಮಾಣುಗಳು ಹೊರಬರುತ್ತವೆ ಎಂದು ಚೀಟಿ ಅಂಟಿಸಿ.

ಎರಡನೆಯದು, ಲೇಸರ್ ಹಾಯಿಸಿ ಪರಮಾಣುವಿನಿಂದ ಇಲೆಕ್ಟ್ರಾನ್ ಕಿತ್ತು ಅಯಾನು (ಚಾರ್ಜ್ ಇರುವ ಪರಮಾಣು) ಮಾಡುವುದು. ಒಂದು ಬಾಣ ಬರೆದರೆ ಮುಗಿಯಿತು. ಲೇಸರ್ ಪೆನ್ ಮಾತ್ರ ತರಲೇಬೇಡಿ, ಯಾರದ್ದಾದರೂ ಕಣ್ಣಿಗೆ ಬೀಳುತ್ತದೆ.

ಎಲ್ಲರೂ ಎಡವುವುದು ಮೂರನೆಯದರಲ್ಲಿ: ಬೇಕಾದ ಐಸೊಟೋಪನ್ನು (ಒಂದೇ ಧಾತುವಿನ, ಆದರೆ ಬೇರೆ ತೂಕದ ಪರಮಾಣುವನ್ನು) ಆರಿಸುವುದು. ದೊಡ್ಡದು, ಸಣ್ಣದು ಬೇರಿಂಗ್ ಗುಂಡು ಉರುಳಿಸಿ ಪಕ್ಕದಲ್ಲಿ ಸ್ಪೀಕರ್ ಮ್ಯಾಗ್ನೆಟ್ ಇಡುತ್ತಾರೆ. ಎರಡೂ ಹೆಚ್ಚುಕಮ್ಮಿ ಒಂದೇ ತರ ಬಾಗುತ್ತವೆ. ಕಬ್ಬಿಣ ಜಾಸ್ತಿ ಇದ್ದರೆ ಎಳೆತವೂ ಜಾಸ್ತಿ, ಅಲ್ವಾ? ಅಯಾನಿನಲ್ಲಿ ಹಾಗಲ್ಲ. ಅಲ್ಲಿ ಮ್ಯಾಗ್ನೆಟ್ಟಿನ ಎಳೆತ ಚಾರ್ಜಿನ ಮೇಲೆ. ಚಾರ್ಜ್ ಒಂದೇ ಆದರೆ ಹಗುರದ್ದು ಜಾಸ್ತಿ ಬಾಗುತ್ತದೆ, ಭಾರದ್ದು ಕಡಿಮೆ.

ಹಾಗಾಗಿ ಮ್ಯಾಗ್ನೆಟ್ ಬದಲು ಪಕ್ಕದಲ್ಲಿ ಟೇಬಲ್ ಫ್ಯಾನ್ ಇಡಿ. ಟೇಬಲ್ ಟೆನಿಸ್ ಚೆಂಡು, ಅಷ್ಟೇ ದಪ್ಪದ ಮರದ ಚೆಂಡು ತನ್ನಿ. ಗಾತ್ರ ಒಂದೇ ಆದ್ದರಿಂದ ಗಾಳಿಯ ದೂಡುವಿಕೆಯೂ ಒಂದೇ. ಉದ್ದಕ್ಕೆ ಸೀಳಿದ ಪಿವಿಸಿ ಪೈಪಿನ ಮೇಲಿಂದ, ಒಂದೇ ಎತ್ತರದಿಂದ ಬಿಡಿ. ರಟ್ಟಿನ ಜಾರು ಬೇಡ, ಕಡಲ ತೇವಕ್ಕೆ ಮಧ್ಯಾಹ್ನದೊಳಗೆ ಬಗ್ಗಿಬಿಡುತ್ತದೆ. ಫ್ಯಾನ್ ಕತ್ತು ತಿರುಗದಂತೆ ಗುಂಡಿ ಮೇಲಕ್ಕೆ ಎಳೆದಿಡಿ, ಸೀಲಿಂಗ್ ಫ್ಯಾನ್ ಬಂದ್ ಮಾಡಿ. ಗಾಳಿ ಇಲ್ಲದೆ ಒಮ್ಮೆ ಉರುಳಿಸಿ ನೋಡಿ. ಚೆಂಡು ತಾನಾಗಿಯೇ ಓರೆ ಹೋದರೆ ಮೇಜಿನ ಕಾಲಿಗೆ ಕಾಗದ ಮಡಚಿ ಕೊಡಿ. ಕೊನೆಗೆ, ಹಗುರ ಚೆಂಡು ಬೀಳುವಲ್ಲಿ ಮಾತ್ರ ಕಿಂಡಿ ಬಿಟ್ಟು ಉಳಿದ ಜಾಗಕ್ಕೆ ತಡೆ ಕಟ್ಟಿ.

ಆರಿಸಿದ ಅಯಾನುಗಳಿಗೆ ವೇಗ ಕೊಡುವ ಭಾಗಕ್ಕೆ ಚೌತಿಯಲ್ಲಿ ಉಳಿದ ಸೀರಿಯಲ್ ಸೆಟ್ ಸಾಕು. ಆದರೆ ಅದಕ್ಕೂ ಮುಂಚೆ 'ಇನ್ನಷ್ಟು ಇಲೆಕ್ಟ್ರಾನ್ ಕೀಳುವ ಜಾಗ' ಎಂದು ಒಂದು ಪೆಟ್ಟಿಗೆ ಇಡಿ. ಬಹಳ ಜನ ಇದನ್ನು ಬಿಡುತ್ತಾರೆ. ಚಾರ್ಜ್ ಜಾಸ್ತಿ ಆದರೆ ಅದೇ ವೋಲ್ಟೇಜಿಗೆ ಜಾಸ್ತಿ ಶಕ್ತಿ ಸಿಗುತ್ತದೆ.

ತೀರ್ಪುಗಾರರು 'ಇದರಿಂದ ಏನು ಗೊತ್ತಾಯಿತು?' ಎಂದು ಕೇಳಿಯೇ ಕೇಳುತ್ತಾರೆ. ರೇಡಿಯಂ-224 ನ್ಯೂಕ್ಲಿಯಸ್ ಒಂದು ತುದಿ ದಪ್ಪ, ಇನ್ನೊಂದು ತುದಿ ಸಪೂರ ಎಂದು 2013ರಲ್ಲಿ ಐಸೋಲ್ಡ್ ಪ್ರಯೋಗ ತೋರಿಸಿತು. ಆ ಆಕಾರವನ್ನು ಜೇಡಿಮಣ್ಣಿನಲ್ಲಿ ಮಾಡಿ, ಕಿಂಡಿಯ ಆಚೆ ಇಡಿ.