ಜರ್ಮನಿಯ ಮನೆಗೆ ಇಂಟರ್ನೆಟ್: ಕರಾರಿಗೆ ಸಹಿ ಹಾಕುವ ಮುಂಚೆ

ಮನೆಯ ಬೀಗದ ಕೈ ಸಿಕ್ಕಿದ ದಿನವೇ ಇಂಟರ್ನೆಟ್‌ಗೆ ಅರ್ಜಿ ಹಾಕಿ. ಇಲ್ಲಿ ವಾರಗಟ್ಟಲೆ ಕಾಯಬೇಕಾಗಬಹುದು. ಅಲ್ಲಿಯವರೆಗೆ ಪ್ರೀಪೇಯ್ಡ್ ಸಿಮ್‌ನ ಹಾಟ್‌ಸ್ಪಾಟೇ ಗತಿ. ಟೆಕ್ನಿಷಿಯನ್ ಬರುವ ದಿನ ಯಾರಾದರೂ ಮನೆಯಲ್ಲಿರಿ. ಕರಾರಿನಲ್ಲಿರುವ ಹೆಸರೇ ಕೆಳಗಿನ ಬೆಲ್ ಮೇಲೂ ಇರಲಿ. ನಮ್ಮ ಬೆಲ್ ಮೇಲೆ ಹಳೆಯ ಬಾಡಿಗೆದಾರರ ಹೆಸರೇ ಇತ್ತು. ಬಂದವನು ಹುಡುಕಿ, ಸಿಗದೆ ವಾಪಸ್ ಹೋದ. ಮತ್ತೆ ಮೂರು ವಾರ!

ಎಷ್ಟು ಸ್ಪೀಡ್ ಬೇಕು? ಜಾಹೀರಾತಿನ 1000 ನೋಡಿ ಮರುಳಾಗಬೇಡಿ. ಎಚ್‌ಡಿ ಸಿನಿಮಾಗೆ ಸುಮಾರು 5 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಸಾಕು, 4ಕೆ ಆದರೆ 15ರಿಂದ 25. ಆಫೀಸಿನ ವಿಡಿಯೊ ಮೀಟಿಂಗ್‌ಗೆ ಮೂರ್ನಾಲ್ಕು. ಗಂಡ ಹೆಂಡತಿ ಮನೆಯಿಂದಲೇ ಕೆಲಸ ಮಾಡಿ, ಮಗು ಕಾರ್ಟೂನ್ ನೋಡಿದರೂ 50ರ ಪ್ಲಾನ್ ತೂಗಿಸುತ್ತದೆ, 100 ಇದ್ದರೆ ಆರಾಮ. ಇನ್ನೊಂದು ಮಾತು. ಪ್ಲಾನಿನ ಲೆಕ್ಕ ಮೆಗಾಬಿಟ್‌ನಲ್ಲಿ, ಫೈಲಿನ ಲೆಕ್ಕ ಮೆಗಾಬೈಟ್‌ನಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಎಂಟರಿಂದ ಭಾಗಿಸಿ. 50ರ ಲೈನಿನಲ್ಲಿ ಸೆಕೆಂಡಿಗೆ ಆರು ಎಂಬಿ ಇಳಿದರೆ ಯಾರೂ ಮೋಸ ಮಾಡಿಲ್ಲ.

ನಾವೆಲ್ಲ ನೋಡದೆ ಬಿಡುವುದು ಅಪ್‌ಲೋಡ್, ಅಂದರೆ ನಮ್ಮ ಕಡೆಯಿಂದ ಹೊರಗೆ ಹೋಗುವ ಸ್ಪೀಡ್. ಒಂದು ಭಾನುವಾರ ಶಿವಮೊಗ್ಗಕ್ಕೆ ವಿಡಿಯೊ ಕಾಲ್ ಮಾಡಿದ್ದೆ. ಅಮ್ಮ ಒಗ್ಗರಣೆ ಹಾಕುವುದು ನನಗೆ ಚೆನ್ನಾಗಿ ಕಾಣುತ್ತಿತ್ತು. ಅವರು ಮಾತ್ರ, "ಏನೋ, ಬಾಯಿ ತೆಗೆದುಕೊಂಡು ಹಾಗೇ ನಿಂತುಬಿಟ್ಟಿದ್ದೀಯಲ್ಲ!" ಅಂದರು. ನಮ್ಮದು 50 ಇಳಿಯುವ, 10 ಏರುವ ಡಿಎಸ್ಎಲ್, ಅಂದರೆ ಫೋನ್ ತಂತಿಯ ಇಂಟರ್ನೆಟ್. ಪ್ರವಾಸದ ಫೋಟೊಗಳೆಲ್ಲ ಎರಡೂ ಫೋನಿನಿಂದ ಕ್ಲೌಡ್‌ಗೆ ಹೋಗುತ್ತಿದ್ದವು. ಬ್ಯಾಕಪ್ ನಿಲ್ಲಿಸಿದ ಕೂಡಲೇ ನನ್ನ ಮುಖ ಅಲ್ಲಾಡಿತು. ಈಗ ಬ್ಯಾಕಪ್ ರಾತ್ರಿ ಮಾತ್ರ. ಹಾಗಾಗಿ ಪ್ಲಾನಿನಲ್ಲಿ ಎರಡನೇ ಅಂಕಿಯನ್ನೂ ನೋಡಿ. ಟಿವಿ ಕೇಬಲ್ ಮೂಲಕ ಬರುವ ಇಂಟರ್ನೆಟ್‌ನಲ್ಲಿ ಮೊದಲ ಅಂಕಿ ದೊಡ್ಡದು, ಎರಡನೆಯದು ಅದರ ಪಕ್ಕ ತೀರಾ ಚಿಕ್ಕದು. ಆ ಕೇಬಲನ್ನು ಅಕ್ಕಪಕ್ಕದವರ ಜೊತೆ ಹಂಚಿಕೊಳ್ಳಬೇಕು. ಬೆಳಗ್ಗೆ ಎಲ್ಲರೂ ಒಟ್ಟಿಗೆ ನಲ್ಲಿ ಬಿಟ್ಟ ಹಾಗೆ, ಸಂಜೆ ಎಂಟರ ಮೇಲೆ ಧಾರೆ ಸಣ್ಣಗಾಗಬಹುದು. ಫೈಬರ್ ಸಿಕ್ಕರೆ ಯೋಚನೆ ಮಾಡಬೇಡಿ, ತಗೊಳ್ಳಿ.

ಸ್ಪೀಡ್ ಇಲ್ಲ ಅನ್ನಿಸಿದರೆ ಸುಮ್ನೆ ದೊಡ್ಡ ಪ್ಲಾನಿಗೆ ಹಾರಬೇಡಿ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಲ್ಲಿ ರೂಟರ್‌ಗೆ ಜೋಡಿಸಿ ಅಳೆಯಿರಿ. ಕೇಬಲ್‌ನಲ್ಲಿ ಸರಿ, ಮಲಗುವ ಕೋಣೆಯಲ್ಲಿ ಕಡಿಮೆ ಅಂದರೆ ತಪ್ಪು ಗೋಡೆಯದು. ಇಲ್ಲಿನ ಕಾಂಕ್ರೀಟ್ ಗೋಡೆಗಳು 5 ಗಿಗಾಹರ್ಟ್ಸ್ ವೈಫೈಯನ್ನು ಚೆನ್ನಾಗಿ ನುಂಗುತ್ತವೆ. ರೂಟರನ್ನು ಶೂ ಕಪಾಟಿನ ಒಳಗಿನಿಂದ ಹೊರಗೆ ತನ್ನಿ. ಕಂಪನಿಯ ರೂಟರ್‌ಗೇ ಬಾಡಿಗೆ ಕಟ್ಟಬೇಕೆಂದಿಲ್ಲ, 2016ರ ಆಗಸ್ಟ್‌ನಿಂದ ನಿಮ್ಮದನ್ನೇ ಹಾಕಿಕೊಳ್ಳುವ ಹಕ್ಕಿದೆ.

ಲ್ಯಾನ್ ಕೇಬಲ್‌ನಲ್ಲೂ ಕಡಿಮೆಯೇ? ಆಗ ಪ್ರೊಡುಕ್ಟ್‌ಇನ್ಫೊರ್ಮಾಟ್ಸಿಯೋನ್ಸ್‌ಬ್ಲಾಟ್, ಅಂದರೆ ನಿಮ್ಮ ಪ್ಲಾನಿನ ಮಾಹಿತಿ ಹಾಳೆ ಹುಡುಕಿ. ಹೆಸರಿನ ಉದ್ದಕ್ಕೆ ಹೆದರಬೇಡಿ, ಹಾಳೆ ಚಿಕ್ಕದು. ಗರಿಷ್ಠ, ಸಾಮಾನ್ಯ, ಕನಿಷ್ಠ ಅಂತ ಮೂರು ಸ್ಪೀಡ್ ಅದರಲ್ಲಿರುತ್ತವೆ. ಟೆಲಿಕಾಂ ನಿಯಂತ್ರಕ ಬುಂಡೆಸ್‌ನೆಟ್ಜ್‌ಅಗೆಂಟೂರ್‌ನ ಬ್ರೈಟ್‌ಬಾಂಡ್‌ಮೆಸ್ಸುಂಗ್ ಎಂಬ ಉಚಿತ ಕಂಪ್ಯೂಟರ್ ಆ್ಯಪ್‌ನಲ್ಲಿ, ಕೇಬಲ್ ಹಾಕಿಯೇ, ಮೂರು ಬೇರೆ ದಿನಗಳಲ್ಲಿ ಹತ್ತತ್ತು ಸಲ ಅಳೆಯಬೇಕು. ಬೇಜಾರಿನ ಕೆಲಸ, ಆದರೆ ಕೊನೆಗೆ ವರದಿ ಸಿಗುತ್ತದೆ. ಕೊರತೆ ಸಾಬೀತಾದರೆ 2021ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ಕಾನೂನಿನಂತೆ ಬಿಲ್ ಇಳಿಸಿ ಎಂದು ಕೇಳಬಹುದು, ಅವಧಿಗೆ ಮೊದಲೇ ಕರಾರನ್ನೂ ಬಿಡಬಹುದು.

ಅವಧಿ ಸಾಮಾನ್ಯವಾಗಿ 24 ತಿಂಗಳು. ಅದು ಮುಗಿದ ಮೇಲೆ ಒಂದು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು. ಮೊದಲ ಕೆಲವು ತಿಂಗಳ ರಿಯಾಯಿತಿ ಯಾವತ್ತು ಮುಗಿಯುತ್ತದೆ ಅನ್ನುವುದನ್ನು ಇವತ್ತೇ ಫೋನಿನ ಕ್ಯಾಲೆಂಡರ್‌ನಲ್ಲಿ ಹಾಕಿಡಿ.