ಚಳಿಗಾಲದ ಸೈಕ್ಲಿಂಗ್: ಮನೆಯೊಳಗೆ ಯಾವಾಗ, ರಸ್ತೆಗೆ ಯಾವಾಗ?

ಬೆಂಗಳೂರಿನ ಚಳಿ ಸೈಕಲ್ ನಿಲ್ಲಿಸುವಷ್ಟು ದೊಡ್ಡದೇನಲ್ಲ. ಬೆಳಗಿನ ಜಾವ ಸಾಮಾನ್ಯವಾಗಿ 15-16 ಡಿಗ್ರಿ ಇರುತ್ತದೆ, ಹತ್ತು ನಿಮಿಷ ತುಳಿದರೆ ಮೈ ಬೆಚ್ಚಗಾಗುತ್ತದೆ. ನಿಜವಾದ ತೊಂದರೆ ಕತ್ತಲು ಮತ್ತು ಮಂಜು. ಜನವರಿಯಲ್ಲಿ ಸೂರ್ಯ ಹುಟ್ಟುವುದೇ 6.40 ದಾಟಿದ ಮೇಲೆ. ಬೆಳಕಾಗಲಿ ಅಂತ ಕಾದರೆ ಆಫೀಸಿಗೆ ಲೇಟಾಗುತ್ತದೆ, ಐದಕ್ಕೇ ಹೊರಟರೆ ದೇವನಹಳ್ಳಿ ಕಡೆಯ ರಸ್ತೆಯಲ್ಲಿ ಮಂಜಿನೊಳಗಿಂದ ನುಗ್ಗುವ ಕ್ಯಾಬು, ಲಾರಿಗಳಿಗೆ ನಾವು ಕಾಣುವುದೇ ಇಲ್ಲ. ಹಾಗಾಗಿ ವಾರದ ಮಧ್ಯೆ ಎರಡು ದಿನ ಮನೆಯೊಳಗೆ ಟ್ರೈನರ್ (ಸೈಕಲ್ ಕೂರಿಸಿ ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ, ಭಾನುವಾರ ರಸ್ತೆಗೆ. ನನಗೆ ಒಗ್ಗಿದ ಕ್ರಮ ಇದು.

ಮೊದಲು ಟ್ರೈನರ್. ಹಿಂದಿನ ಚಕ್ರವನ್ನು ರೋಲರಿಗೆ ಒತ್ತಿ ನಿಲ್ಲಿಸುವ ಮಾದರಿ ಅಗ್ಗ, ಆದರೆ ಸದ್ದು ಜಾಸ್ತಿ, ಟೈರೂ ಸವೆಯುತ್ತದೆ. ಚಕ್ರ ಬಿಚ್ಚಿ ಸೈಕಲನ್ನೇ ನೇರವಾಗಿ ಕೂರಿಸುವ ಮಾದರಿಗೆ ದುಡ್ಡು ಹೆಚ್ಚು, ಸದ್ದು ಕಡಿಮೆ. ಯಾವುದೇ ಆಗಲಿ, ಅಪಾರ್ಟ್‌ಮೆಂಟಿನಲ್ಲಿದ್ದರೆ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಕೆಳಗಿನ ಮನೆಯವರಿಗೆ ಬೆಳಗ್ಗೆ ಐದೂವರೆಗೆ ಕೇಳುವುದು ಆ ಅದುರುವಿಕೆಯೇ.

ಆಮೇಲೆ ಫ್ಯಾನ್. ಇದನ್ನು ದಯವಿಟ್ಟು ಬಿಡಬೇಡಿ. ತುಳಿಯುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿಯೇ ಹೊರಬರುತ್ತದೆ. ರಸ್ತೆಯಲ್ಲಿ ಎದುರುಗಾಳಿ ಅದನ್ನು ಒಯ್ಯುತ್ತದೆ, ಕೋಣೆಯಲ್ಲಿ ಒಯ್ಯುವವರು ಯಾರು? ಸೀಲಿಂಗ್ ಫ್ಯಾನ್ ಸಾಲದು, ಟೇಬಲ್ ಫ್ಯಾನನ್ನು ಎದೆಗೆ ನೇರವಾಗಿ ಇಡಿ. ಹ್ಯಾಂಡಲ್ ಮೇಲೆ ಟವೆಲ್ ಹಾಸಿ. ನಾನು ಮೊದಲ ಚಳಿಗಾಲದಲ್ಲಿ ಟವೆಲ್ ಹಾಕಲಿಲ್ಲ, ಬೆವರಿನ ಉಪ್ಪಿಗೆ ಹ್ಯಾಂಡಲಿನ ಬೋಲ್ಟುಗಳೆಲ್ಲ ತುಕ್ಕು ಹಿಡಿದಿದ್ದವು.

ಒಳಗೆ ಎರಡು ಗಂಟೆ ಸುಮ್ನೆ ತುಳಿಯಬೇಡಿ, ಬೇಜಾರಾಗಿ ವಾರದಲ್ಲೇ ಬಿಟ್ಟುಬಿಡುತ್ತೀರಿ. 45 ನಿಮಿಷ ಸಾಕು: ಹತ್ತು ನಿಮಿಷ ನಿಧಾನ, ಆಮೇಲೆ ನಾಲ್ಕು ನಿಮಿಷ ಜೋರು, ಮೂರು ನಿಮಿಷ ಹಗುರ. ಜೋರು ನಾಲ್ಕು ಸಲ ಆಗಬೇಕು, ಕೊನೆಗೆ ಹತ್ತು ನಿಮಿಷ ನಿಧಾನ. ಜೋರು ಅಂದರೆ ಬಾಯಲ್ಲಿ ಎರಡು ಮೂರು ಪದಕ್ಕಿಂತ ಹೆಚ್ಚು ಹೊರಡಬಾರದು, ಅಷ್ಟು. ಇಲ್ಲಿ ಸಿಗ್ನಲ್ ಇಲ್ಲ, ನಾಯಿ ಇಲ್ಲ, ಇಳಿಜಾರೂ ಇಲ್ಲ, ಒಂದು ಸೆಕೆಂಡೂ ಕಾಲಿಗೆ ಬಿಡುವಿಲ್ಲ. ಅದಕ್ಕೇ ಕಡಿಮೆ ಹೊತ್ತಿನಲ್ಲಿ ಕೆಲಸ ಆಗುತ್ತದೆ.

ಆದರೆ ತಿರುವಿನಲ್ಲಿ ವಾಲುವುದು, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯುವುದು, ಗುಂಪಿನಲ್ಲಿ ಸಾಗುವುದು ಇವು ಯಾವುವೂ ಟ್ರೈನರ್ ಮೇಲೆ ಬರುವುದಿಲ್ಲ. ಭಾನುವಾರ ಬೇಕೇ ಬೇಕು. ಬೆಂಗಳೂರಿನವರಿಗೆ ಭಾನುವಾರ ಅಂದರೆ ನಂದಿ ಬೆಟ್ಟ, ಅಲ್ವಾ?

ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ನೋಡಿ. ಬೀದಿಯ ಎರಡನೇ ದೀಪದ ಕಂಬ ಕಾಣದಿದ್ದರೆ ಒಳಗೆ ಬನ್ನಿ, ಒಂದು ಗಂಟೆ ತಡವಾಗಿ ಹೊರಡಿ. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ಮೈಮೇಲೆ ಹೊಳೆಯುವ ಜಾಕೆಟ್, ಬೆಳಕಾದ ಮೇಲೂ ಇರಲಿ. ಇಬ್ಬನಿಗೆ ರಸ್ತೆ ಒದ್ದೆಯಿದ್ದರೆ ಟೈರಿನ ಗಾಳಿ ಸ್ವಲ್ಪ ಇಳಿಸಿ, ಹಿಡಿತ ಸಿಗುತ್ತದೆ. ಚಳಿಗೆ ಬಾಯಾರುವುದಿಲ್ಲ, ಆದರೂ ಹದಿನೈದು ನಿಮಿಷಕ್ಕೊಮ್ಮೆ ನೀರು ಕುಡಿಯಿರಿ.

ನಂದಿಯ ಎತ್ತರ 1,478 ಮೀಟರ್. ಕೊನೆಯ ಏಳೆಂಟು ಕಿಲೋಮೀಟರ್ ಏರಿನಲ್ಲಿ ಬೆವರು ಇಳಿಯುತ್ತದೆ, ಜಿಪ್ ತೆಗೆದು ಹತ್ತಿ. ಅಪಾಯ ಇರುವುದು ಇಳಿಯುವಾಗ. ಒದ್ದೆ ಬಟ್ಟೆಗೆ ಗಾಳಿ ಬಡಿದು ಬೆರಳು ಮರಗಟ್ಟುತ್ತದೆ, ಬ್ರೇಕ್ ಒತ್ತಲು ಆಗುವುದಿಲ್ಲ. ಪೂರ್ತಿ ಬೆರಳಿನ ಗ್ಲೌಸ್ ಜೇಬಲ್ಲಿಟ್ಟುಕೊಂಡು ಹೋಗಿ. ಜಾಕೆಟ್ ಮರೆತಿದ್ದರೆ ಟೀ ಅಂಗಡಿಯಲ್ಲಿ ಹಳೇ ಪೇಪರ್ ಕೇಳಿ ಜರ್ಸಿಯೊಳಗೆ ಎದೆಗೆ ಸೇರಿಸಿಕೊಳ್ಳಿ. ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನಲ್ಲಿ ಬೆಟ್ಟದ ತುದಿಯಲ್ಲಿ ನಿಂತ ಜನ ಸವಾರರಿಗೆ ಕೊಡುತ್ತಿದ್ದುದೂ ಇದೇ ಪೇಪರ್. ನಾಲ್ಕು ಹಾಳೆ ಸಾಕು, ಗಾಳಿ ಒಳಗೆ ಬರುವುದಿಲ್ಲ.